ನೆರಳು ಮರದ ಲೆಕ್ಕ

ಮಳೆಗಾಲ ಹಿಡಿಯುವ ಮುಂಚೆ ಆಲೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಮರಗಸಿ ನಡೆಯುತ್ತದೆ. ಮರದ ವ್ಯಾಪಾರಿಯೂ ತೋಟದ ಬಾಗಿಲಿಗೆ ಬಂದು ನಿಲ್ಲುವುದುಂಟು. ಅತ್ತಿ, ಹಲಸು, ನಂದಿ, ಮತ್ತಿಗಳಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬ ಮಾತು ಆಗ ಏಳುತ್ತದೆ.

ಹೋದ ಮರದ ಜಾಗಕ್ಕೆ ಸಾಮಾನ್ಯವಾಗಿ ಬರುವುದು ಸಿಲ್ವರ್ ಓಕ್. ಆಸ್ಟ್ರೇಲಿಯಾ ಮೂಲದ ಈ ಮರ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಕಡಿಯಲು ಅನುಮತಿಗಾಗಿ ಅಲೆಯಬೇಕಿಲ್ಲ. ಬೆಳೆಗಾರರನ್ನು ಇದಕ್ಕಾಗಿ ಹಳಿಯಲು ನಮಗೆ ಮನಸ್ಸಿಲ್ಲ. ಕಾಫಿ ಮಂಡಳಿಯ ಸಂಗ್ರಹ ಪದ್ಧತಿ ಹಂತಹಂತವಾಗಿ ಸಡಿಲಗೊಂಡು 1996ರ ವೇಳೆಗೆ ಎಲ್ಲರೂ ಮುಕ್ತ ಮಾರುಕಟ್ಟೆಗೆ ಬಂದರು. 2001ರ ಸುಮಾರಿಗೆ ಬೆಲೆ ನೆಲ ಕಚ್ಚಿದಾಗ ಸಾಲಗಾರನ ಕಣ್ಣು ಮರದ ಮೇಲೆ ಬಿದ್ದರೆ ಆಶ್ಚರ್ಯವೇನು?

ಆದರೆ ಹಳೆಯ ಅತ್ತಿಮರದ ಸಂಪಾದನೆ ಲೆಕ್ಕದ ಪುಸ್ತಕಕ್ಕೆ ಬರುವುದೇ ಇಲ್ಲ. ಅದರ ಎಲೆ ಉದುರಿ ಬೇಗ ಗೊಬ್ಬರವಾಗುತ್ತದೆ, ಮಣ್ಣು ತೇವ ಹಿಡಿದುಕೊಳ್ಳುತ್ತದೆ. ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟದು. ಹೂಮಳೆ ಬಿದ್ದು ತೋಟ ಬೆಳ್ಳಗಾದ ಆ ಕೆಲವೇ ದಿನಗಳಲ್ಲಿ ಗಾಳಿಯೂ ಜೇನೂ ದುಡಿಯಬೇಕು. ಹೆಜ್ಜೇನು ಬಯಸುವುದು ಎತ್ತರದ, ಹರವಾದ ಕೊಂಬೆಗಳ ಮರವನ್ನು. ಅಂಥ ಮರವನ್ನು ಮಾರಿದವರು ಮುಂದಿನ ಫಸಲಿನ ಒಂದು ಪಾಲನ್ನೂ ಅದೇ ಲಾರಿಗೆ ಏರಿಸಿದ ಹಾಗೆ.

ನೀರಿನ ಮಾತೂ ಇದೆ. ಪಲ್ಪರಿನಿಂದ ಬರುವ ಲೋಳೆನೀರನ್ನು ಶುದ್ಧಿ ಮಾಡದೆ ಹಳ್ಳಕ್ಕೆ ಬಿಟ್ಟರೆ ಅದು ಕೊಳೆತು ನೀರಿನ ಪ್ರಾಣವಾಯುವನ್ನು ಹೀರುತ್ತದೆ. ಹಳ್ಳ ಸೇರುವುದು ಹೇಮಾವತಿಗೆ, ಹೇಮಾವತಿ ಗೊರೂರಿನ ಜಲಾಶಯಕ್ಕೆ.

ಈ ಭಾರವೆಲ್ಲ ತೋಟದವರೊಬ್ಬರದೇ ಏನು? ಅಲ್ಲವೆಂದೇ ನಮ್ಮ ಅಭಿಪ್ರಾಯ. ಐರೋಪ್ಯ ಒಕ್ಕೂಟವು 2023ರಲ್ಲಿ ಮಾಡಿದ ನಿಯಮದಂತೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಕಾಫಿಗೆ ಅಲ್ಲಿ ಮಾರುಕಟ್ಟೆಯಿಲ್ಲ. ಜಾರಿಯ ದಿನವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೂಡಿದ್ದಾರೆ, ಆ ಮಾತು ಬೇರೆ. ತೋಟದೊಳಗೆ ಅತ್ತಿ ಹೋಗಿ ಓಕ್ ಬಂದದ್ದನ್ನು ಆ ನಿಯಮ ನೋಡುವುದಿಲ್ಲ. ಅದನ್ನು ನೋಡಬೇಕಾದವರು ಕೊಳ್ಳುವವರು. ನೆರಳಿನ ಕಾಫಿಯೆಂದು ಪೊಟ್ಟಣದ ಮೇಲೆ ಹಕ್ಕಿಯ ಚಿತ್ರ ಅಚ್ಚು ಹಾಕುವವರು, ಆ ಹಕ್ಕಿ ಕೂರುವ ಮರಕ್ಕೂ ಚೀಲಕ್ಕಿಷ್ಟೆಂದು ಬೆಳೆಗಾರರಿಗೆ ಹೆಚ್ಚು ಕೊಡಲಿ. ಕಾಯಕ, ದಾಸೋಹಗಳ ಮಾತನಾಡುವ ನಮ್ಮ ಮನೆಗಳಲ್ಲಿಯೂ ಕಾಫಿ ವ್ಯಾಪಾರ ಮಾಡುವವರು ಇದ್ದಾರೆ. ಅವರನ್ನೂ ಸೇರಿಸಿಯೇ ಹೇಳುತ್ತಿದ್ದೇವೆ.

ಓದುಗ ಬಂಧುಗಳು ಈ ಸಲ ಮರಗಸಿಗೆ ಮುನ್ನ ಮಕ್ಕಳನ್ನು ಕರೆದುಕೊಂಡು ತೋಟದ ಹಳೆಯ ಮರಗಳನ್ನು ಎಣಿಸಿ, ಹೆಸರು ಬರೆದಿಡಬೇಕೆಂದು ಕೋರುತ್ತೇವೆ. ವ್ಯಾಪಾರಿ ಬಂದಾಗ ಆ ಪಟ್ಟಿ ಕೈಯಲ್ಲಿರಲಿ.