ಮೂರು ಆಟಗಳ ನ್ಯಾಯ

2025ನೆಯ ಇಸವಿಯ ಡಿಸೆಂಬರ್ ತಿಂಗಳು. ಕ್ರಿಸ್ಮಸ್ ಪರೀಕ್ಷೆ ಹತ್ತಿರ ಬಂದಿತ್ತು. ಹತ್ತನೆಯ ತರಗತಿಯಲ್ಲಿ ನಾವು ಸಮಾಸಗಳನ್ನು ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬನು ತಲೆಯೆತ್ತದೆ ನೋಟು ಪುಸ್ತಕದ ಕೊನೆಯ ಹಾಳೆಯಲ್ಲಿ ಏನನ್ನೋ ಬರೆಯುತ್ತಿದ್ದುದು ಕಣ್ಣಿಗೆ ಬಿತ್ತು. ಗದರಿಸುವುದಕ್ಕೆಂದೇ ಹತ್ತಿರ ಹೋದೆವು. ಹಾಳೆಯಲ್ಲಿ ಗೆರೆ ಎಳೆದು ಮಾಡಿದ ಒಂದು ಕೋಷ್ಟಕ. ಎಡಬದಿಯಲ್ಲಿ ಪ್ಯಾಲೆಸ್ತೀನ್, ಸಿರಿಯಾ, ಟ್ಯುನೀಸಿಯಾ, ಕತಾರ್ ಎಂಬ ನಾಲ್ಕು ಹೆಸರುಗಳು. ಬಲಬದಿಯಲ್ಲಿ ಆಡಿದ್ದು, ಗೆದ್ದದ್ದು, ಸೋತದ್ದು, ಸಮ, ಗೋಲು, ಅಂಕ. "ಇದೇನು?" ಎಂದು ಕೇಳಿದೆವು. "ಅರಬ್ ಕಪ್ ಸರ್. ದೋಹಾದಲ್ಲಿ ನಡೆಯುತ್ತಾ ಉಂಟು. ಅಪ್ಪ ನೋಡಲಿಕ್ಕೆ ಹೋಗಿದ್ದರು" ಎಂದನು. ಅವನ ತಂದೆ ಅಲ್ಲಿ ಅಂಗಡಿಯೊಂದರಲ್ಲಿ ದುಡಿಯುವವರು.

ಗದರಿಕೆ ಬಾಯಿಯಲ್ಲೇ ಉಳಿಯಿತು. ಕಾರಣ, ಆ ಕೋಷ್ಟಕದಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಓಣಂ ಪರೀಕ್ಷೆಯಲ್ಲಿ ಇದೇ ಹುಡುಗನು ಗಣಿತದಲ್ಲಿ ಹಿಂದೆ ಬಿದ್ದಿದ್ದನು. ಇವನ ತಲೆಗೆ ಲೆಕ್ಕ ಹತ್ತುವುದಿಲ್ಲವೆಂದು ಅಧ್ಯಾಪಕರ ಕೊಠಡಿಯಲ್ಲಿ ಮಾತಾಗಿತ್ತು. ಆ ಮಾತಿಗೆ ತಲೆದೂಗಿದವರಲ್ಲಿ ನಾವೂ ಇದ್ದೆವು. ಆ ದಿನದಿಂದ ಈ ಪಂದ್ಯಾಟದ ಕಡೆಗೆ ನಮ್ಮ ಮನಸ್ಸು ಹರಿಯಿತು. ಅಂತಿಮ ಪಂದ್ಯದ ಗೆಲುವನ್ನು ಲೋಕವೆಲ್ಲ ಕೊಂಡಾಡುತ್ತದೆ. ಆದರೆ ಶಾಲೆಯವರೂ ರಕ್ಷಕರೂ ಕಲಿಯಬೇಕಾದುದು ಅದಕ್ಕಿಂತ ಮೊದಲು ನಡೆಯುವ ಗುಂಪು ಹಂತದ ಪಂದ್ಯಗಳಿಂದ ಎಂಬುದು ನಮ್ಮ ಅಭಿಪ್ರಾಯ. ಅದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಅರಬ್ ಕಪ್ ಹೊಸದೇನಲ್ಲ. ಮೊದಲ ಪಂದ್ಯಾಟ 1963ರಲ್ಲಿ ಲೆಬನಾನಿನ ಬೈರೂತಿನಲ್ಲಿ ನಡೆಯಿತು. ಬಂದುದು ಐದೇ ದೇಶಗಳು. ಪ್ರತಿಯೊಂದು ತಂಡವೂ ಉಳಿದ ನಾಲ್ಕು ತಂಡಗಳೊಡನೆ ಆಡಿತು. ಅಂತಿಮ ಪಂದ್ಯವೆಂಬುದೇ ಇರಲಿಲ್ಲ. ನಾಲ್ಕನ್ನೂ ಗೆದ್ದ ಟ್ಯುನೀಸಿಯಾ ಪ್ರಶಸ್ತಿ ಪಡೆಯಿತು. ಮುಂದೆ 1964, 1966, 1985, 1988ರಲ್ಲಿ ಇರಾಕ್ ಸತತವಾಗಿ ಗೆದ್ದಿತು. 1966ಕ್ಕೂ 1985ಕ್ಕೂ ನಡುವೆ ಹತ್ತೊಂಬತ್ತು ವರ್ಷಗಳ ಬಿಡುವು. 2012ರ ಬಳಿಕ ಮತ್ತೆ ನಿಂತುಹೋಗಿದ್ದ ಈ ಪಂದ್ಯಾಟವನ್ನು 2021ರಲ್ಲಿ ಅಂತರರಾಷ್ಟ್ರೀಯ ಫುಟ್ಬಾಲ್ ಸಂಸ್ಥೆಯಾದ ಫಿಫಾ ತನ್ನ ಕೈಗೆ ತೆಗೆದುಕೊಂಡು ಕತಾರಿನಲ್ಲಿ ನಡೆಸಿತು. ಆಗ ಅಲ್ಜೀರಿಯಾ ಗೆದ್ದಿತು. 2025ರಲ್ಲಿ ಮತ್ತೆ ಕತಾರಿನಲ್ಲೇ ನಡೆದಾಗ ಮೊರಾಕ್ಕೊ ಅಂತಿಮ ಪಂದ್ಯದಲ್ಲಿ ಜೋರ್ಡಾನನ್ನು 3-2 ಗೋಲುಗಳಿಂದ ಸೋಲಿಸಿತು.

ಇದರಲ್ಲಿ ಒಂದು ವಿಶೇಷವುಂಟು. ಏಷ್ಯಾ ಕಪ್ಪು, ಆಫ್ರಿಕಾ ಕಪ್ಪು ಮುಂತಾದವು ಖಂಡಗಳ ಪಂದ್ಯಾಟಗಳು. ಅರಬ್ ಕಪ್ಪಿನಲ್ಲಾದರೋ ಏಷ್ಯಾದ ಒಮಾನ್, ಇರಾಕುಗಳೂ ಆಫ್ರಿಕಾದ ಮೊರಾಕ್ಕೊ, ಸುಡಾನ್, ಕೊಮೊರೋಸುಗಳೂ ಒಟ್ಟಿಗೆ ಆಡುತ್ತವೆ. ಇವರನ್ನು ಕೂಡಿಸಿದುದರಲ್ಲಿ ಭಾಷೆಯ ಪಾಲು ದೊಡ್ಡದು. ಮೊರಾಕ್ಕೊದವನು ಮನೆಯಲ್ಲಿ ಆಡುವ ಮಾತು ಒಮಾನಿನವನಿಗೆ ಸುಲಭವಾಗಿ ತಿಳಿಯದು. ಆದರೂ ಇಬ್ಬರೂ ಶಾಲೆಯಲ್ಲಿ ಕಲಿಯುವ ಬರಹದ ಅರಬ್ಬಿ ಒಂದೇ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ, ಹವ್ಯಕ ಕನ್ನಡ ಎಂದು ಬಗೆಬಗೆಯಾಗಿ ಮಾತನಾಡಿ, ಶಾಲೆಗೆ ಬಂದು ಒಂದೇ ಕನ್ನಡ ಪುಸ್ತಕವನ್ನು ಬಿಚ್ಚುವ ಕಾಸರಗೋಡಿನ ಮಕ್ಕಳಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಹದಿನಾರು ತಂಡಗಳನ್ನು ನಾಲ್ಕು ಗುಂಪುಗಳಾಗಿ ಹಂಚುತ್ತಾರೆ. ಗುಂಪಿನ ಪ್ರತಿಯೊಂದು ತಂಡವೂ ಉಳಿದ ಮೂರು ತಂಡಗಳೊಡನೆ ಒಂದೊಂದು ಸಲ ಆಡುತ್ತದೆ. ಹಾಗಾದರೆ ಒಂದು ಗುಂಪಿನಲ್ಲಿ ಆರು ಪಂದ್ಯಗಳು, ನಾಲ್ಕು ಗುಂಪುಗಳಲ್ಲಿ ಇಪ್ಪತ್ತನಾಲ್ಕು. ಗೆದ್ದರೆ 3 ಅಂಕ, ಸಮವಾದರೆ 1, ಸೋತರೆ ಸೊನ್ನೆ. ಪ್ರತಿ ಗುಂಪಿನಿಂದ ಮೊದಲ ಎರಡು ತಂಡಗಳು ಮುಂದಕ್ಕೆ ಹೋಗುತ್ತವೆ. ಅನಂತರವೇ ಸೋತವನು ಮನೆಗೆ ಹೋಗುವ ನಾಕೌಟ್ ಹಂತ. ಮೂರನೆಯ ಸ್ಥಾನದ ಪಂದ್ಯವೂ ಸೇರಿ ಅಲ್ಲಿ ಇರುವುದು ಎಂಟೇ ಪಂದ್ಯಗಳು. ಎಂದರೆ ಒಟ್ಟು ಮೂವತ್ತೆರಡರಲ್ಲಿ ಇಪ್ಪತ್ತನಾಲ್ಕು ಪಂದ್ಯಗಳು, ಮುಕ್ಕಾಲು ಪಾಲು, ಒಂದು ಸೋಲಿನಿಂದಲೇ ಯಾರೂ ಹೊರಬೀಳದ ಪಂದ್ಯಗಳು. ಮೊದಲಿನಿಂದಲೇ ನಾಕೌಟ್ ಇಟ್ಟಿದ್ದರೆ ಎಂಟು ದೇಶಗಳ ಹುಡುಗರು ಒಂದೇ ಆಟ ಆಡಿ ವಿಮಾನ ಹತ್ತಬೇಕಾಗಿತ್ತು.

ಈ ಏರ್ಪಾಡಿನಿಂದ ನಾವು ಕಲಿಯಬೇಕಾದ ಮೊದಲ ಮಾತು ಇದು: ಮೊದಲ ಫಲಿತಾಂಶವನ್ನು ಕೊನೆಯ ತೀರ್ಪೆಂದು ತಿಳಿಯಬಾರದು. 2025ರಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ತನ್ನ ಮೊದಲ ಪಂದ್ಯದಲ್ಲಿ ಜೋರ್ಡಾನಿಗೆ 1-2ರಿಂದ ಸೋತಿತು. ಎರಡನೆಯದರಲ್ಲಿ ಈಜಿಪ್ಟಿನೊಡನೆ 1-1 ಸಮ. ಮೂರನೆಯದರಲ್ಲಿ ಕುವೈತನ್ನು 3-1ರಿಂದ ಗೆದ್ದಿತು. ಕೂಡಿದ ಅಂಕ ನಾಲ್ಕೇ. ಆದರೂ ಗುಂಪಿನಲ್ಲಿ ಎರಡನೆಯದಾಗಿ ಮುಂದೆ ಹೋಗಿ ಸೆಮಿಫೈನಲನ್ನು ಮುಟ್ಟಿತು. ಅದೇ ಗುಂಪಿನಲ್ಲಿ ಹೆಸರುವಾಸಿಯಾದ ಈಜಿಪ್ಟ್ ಎರಡು ಸಮ, ಒಂದು ಸೋಲಿನೊಂದಿಗೆ ಹೊರಬಿದ್ದಿತು. ನಮ್ಮ ಊರಿನ ಬೀದಿಬೀದಿಗಳಲ್ಲಿ ಪತಾಕೆ ಹಾರಿದ 2022ರ ವಿಶ್ವಕಪ್ಪನ್ನು ಮಕ್ಕಳು ಮರೆತಿರಲಾರರು. ನವೆಂಬರ್ 22ರಂದು ಸೌದಿ ಅರೇಬಿಯಾ ಅರ್ಜೆಂಟೀನವನ್ನು 2-1ರಿಂದ ಸೋಲಿಸಿತು. ಅರ್ಜೆಂಟೀನದ ಅಂಗಿ ತೊಟ್ಟುಕೊಂಡಿದ್ದ ನಮ್ಮ ಹುಡುಗರು ಆ ಸಂಜೆ ಊಟ ಬಿಟ್ಟರು. ಕೊನೆಗೆ ಕಪ್ಪು ಗೆದ್ದುದು ಅರ್ಜೆಂಟೀನ. ಮೊದಲ ಆಟ ಗೆದ್ದ ಸೌದಿ ಅರೇಬಿಯಾ ಉಳಿದ ಎರಡನ್ನೂ ಸೋತು ಗುಂಪಿನಲ್ಲಿ ಕಟ್ಟಕಡೆಗೆ ನಿಂತಿತು. ಮೊದಲ ಸೋಲಿಗೆ ಕುಗ್ಗಬಾರದು, ಮೊದಲ ಗೆಲುವಿಗೆ ಹಿಗ್ಗಬಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಎರಡನೆಯ ಮಾತು ಪ್ರಾಮಾಣಿಕತೆಯನ್ನು ಕುರಿತದ್ದು. ಗುಂಪಿನ ಕೊನೆಯ ಎರಡು ಪಂದ್ಯಗಳು ಒಂದೇ ಗಳಿಗೆಗೆ ಬೇರೆ ಬೇರೆ ಮೈದಾನಗಳಲ್ಲಿ ಆರಂಭವಾಗುವುದನ್ನು ಮಕ್ಕಳು ಗಮನಿಸಿರಬಹುದು. ಇದರ ಹಿಂದೆ ಒಂದು ಅರಬ್ ದೇಶದ ನೋವಿನ ಕಥೆಯಿದೆ. 1982ರಲ್ಲಿ ಸ್ಪೇನಿನಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಅಲ್ಜೀರಿಯಾ ಬಲಾಢ್ಯವಾದ ಪಶ್ಚಿಮ ಜರ್ಮನಿಯನ್ನು 2-1ರಿಂದ ಸೋಲಿಸಿತು. ಆಸ್ಟ್ರಿಯಾಕ್ಕೆ ಸೋತರೂ ಜೂನ್ 24ರಂದು ಚಿಲಿಯನ್ನು 3-2ರಿಂದ ಗೆದ್ದು ತನ್ನ ಮೂರು ಆಟಗಳನ್ನು ಮುಗಿಸಿತು. ಮರುದಿನ ಗಿಖೋನ್ ಎಂಬ ಊರಿನಲ್ಲಿ ಜರ್ಮನಿಗೂ ಆಸ್ಟ್ರಿಯಾಕ್ಕೂ ಪಂದ್ಯ. ಜರ್ಮನಿ ಒಂದೆರಡು ಗೋಲುಗಳ ಅಂತರದಿಂದ ಗೆದ್ದರೆ ಎರಡೂ ತಂಡಗಳು ಮುಂದೆ ಹೋಗುತ್ತಿದ್ದುವು. ಹತ್ತನೆಯ ನಿಮಿಷದಲ್ಲಿ ಜರ್ಮನಿ ಒಂದು ಗೋಲು ಹೊಡೆಯಿತು. ಬಳಿಕ ಆಟ ಕ್ರಮೇಣ ಸತ್ತುಹೋಯಿತು. ದ್ವಿತೀಯಾರ್ಧದುದ್ದಕ್ಕೂ ಇವನು ಅವನಿಗೆ, ಅವನು ಇವನಿಗೆ ಚೆಂಡು ತಳ್ಳುತ್ತ ಹೊತ್ತು ಕಳೆದರು. ನೋಡುತ್ತಿದ್ದವರು ಛೀಮಾರಿ ಹಾಕಿದರು. ಮೂರೂ ತಂಡಗಳ ಅಂಕ ಸಮವಾಯಿತು, ಗೋಲಿನ ಅಂತರದಲ್ಲಿ ಅಲ್ಜೀರಿಯಾ ಹೊರಬಿದ್ದಿತು. ದೂರು ಕೊಟ್ಟರೂ ಫಲವಾಗಲಿಲ್ಲ, ಏಕೆಂದರೆ ಯಾವ ನಿಯಮವೂ ಮುರಿದಿರಲಿಲ್ಲ. ಆದರೆ 1986ರ ವಿಶ್ವಕಪ್ಪಿನಿಂದ ಕೊನೆಯ ಪಂದ್ಯಗಳನ್ನು ಏಕಕಾಲಕ್ಕೆ ಆಡಿಸುವ ಪದ್ಧತಿ ಬಂತು.

ಹಾಗೆಂದು ನಿಯಮವೊಂದೇ ಸಾಕೆ? ನಮ್ಮ ಹುಡುಗನ ಕೋಷ್ಟಕವನ್ನೇ ನೋಡೋಣ. ಪ್ಯಾಲೆಸ್ತೀನ್ ಮೊದಲ ದಿನವೇ ಆತಿಥೇಯ ಕತಾರನ್ನು 1-0ರಿಂದ ಸೋಲಿಸಿತು. ತನ್ನ ನೆಲದಲ್ಲಿ 2023ರ ಅಕ್ಟೋಬರಿನಿಂದ ಲೀಗ್ ಪಂದ್ಯಗಳೇ ನಿಂತುಹೋಗಿದ್ದ ತಂಡ ಅದು. ವರ್ಷಗಟ್ಟಲೆ ಯುದ್ಧದಿಂದ ನಲುಗಿದ ಸಿರಿಯಾ ಟ್ಯುನೀಸಿಯಾವನ್ನು 1-0ರಿಂದ ಸೋಲಿಸಿತು. ಎರಡು ಪಂದ್ಯಗಳ ಬಳಿಕ ಇವೆರಡಕ್ಕೂ ನಾಲ್ಕು ನಾಲ್ಕು ಅಂಕ, ಟ್ಯುನೀಸಿಯಾಕ್ಕೂ ಕತಾರಿಗೂ ಒಂದೊಂದು. ಕೊನೆಯ ದಿನ ಪ್ಯಾಲೆಸ್ತೀನ್ ಮತ್ತು ಸಿರಿಯಾ ಸಮ ಮಾಡಿಕೊಂಡರೆ ಎರಡೂ ಮುಂದಕ್ಕೆ. ಪಂದ್ಯ 0-0ರಲ್ಲಿ ಮುಗಿಯಿತು. ಅದೇ ಹೊತ್ತಿಗೆ ಕತಾರನ್ನು 3-0ರಿಂದ ಗೆದ್ದ ಟ್ಯುನೀಸಿಯಾ ನಾಲ್ಕು ಅಂಕಗಳೊಡನೆ ಮನೆಗೆ ಹೋಯಿತು. ಇಲ್ಲಿ ಯಾರೂ ಮೋಸ ಮಾಡಿದರೆಂದು ನಾವು ಹೇಳುವುದಿಲ್ಲ, ಹೇಳುವ ಅಧಿಕಾರವೂ ನಮಗಿಲ್ಲ. ಆದರೆ ಎರಡು ಮೈದಾನಗಳ ಗಡಿಯಾರವನ್ನು ನಿಯಮವು ಒಂದಾಗಿಸಬಲ್ಲದಲ್ಲದೆ, ಸಮವಾದರೆ ಸಾಕೆಂಬ ಆಸೆಯನ್ನು ಅಳಿಸಲಾರದು. ಪೂರ್ಣ ಮನಸ್ಸಿನಿಂದ ಆಡಿದೆನೇ ಎಂಬುದಕ್ಕೆ ಆಟಗಾರನ ಒಳಗಿನವನೇ ಸಾಕ್ಷಿ. ಪರೀಕ್ಷೆಯ ಕೊಠಡಿಯಲ್ಲಿಯೂ ಹಾಗೆಯೇ. ಬೆಂಚುಗಳನ್ನು ದೂರ ದೂರ ಇಡುವುದು ನಮ್ಮ ಕೈಯಲ್ಲಿದೆ, ಉಳಿದುದು ಮಕ್ಕಳ ಕೈಯಲ್ಲಿ.

ಮೂರನೆಯ ಮಾತು ನಡತೆಯದು. 2021ರಲ್ಲಿ ಅಲ್ಜೀರಿಯಾ ಮತ್ತು ಈಜಿಪ್ಟ್ ಒಂದೇ ಗುಂಪಿನಲ್ಲಿದ್ದುವು. ಎರಡಕ್ಕೂ ಏಳು ಅಂಕ. ಎರಡೂ ಹೊಡೆದ ಗೋಲು ಏಳು, ಬಿಟ್ಟುಕೊಟ್ಟದ್ದು ಒಂದು. ಅವೆರಡರ ನಡುವಿನ ಪಂದ್ಯವೂ 1-1 ಸಮ. ಮೇಲು ಯಾರು, ಕೆಳಗೆ ಯಾರು? ಆಗ ಎಣಿಸಿದುದು ನಡತೆಯ ಅಂಕವನ್ನು. ಹಳದಿ ಕಾರ್ಡಿಗೆ ಒಂದು, ಎರಡನೆಯ ಹಳದಿಯಿಂದ ಬಂದ ಕೆಂಪಿಗೆ ಮೂರು, ನೇರ ಕೆಂಪಿಗೆ ನಾಲ್ಕು ಎಂದು ಅಂಕ ಕಳೆಯುವ ಕ್ರಮವಿದೆ. ಇದರಲ್ಲಿ ಕಡಿಮೆ ಕಳೆದುಕೊಂಡ ಈಜಿಪ್ಟ್ ಗುಂಪಿನ ಮೊದಲ ಸ್ಥಾನ ಪಡೆಯಿತು. ಕೊನೆಗೆ ಕಪ್ಪು ಗೆದ್ದುದು ಅಲ್ಜೀರಿಯಾವೇ ಅಲ್ಲವೇ ಎಂದು ಜಾಣ ಮಕ್ಕಳು ಕೇಳಿಯಾರು. ನಿಜ. ಒಳ್ಳೆಯ ನಡತೆಗೆ ಯಾವಾಗಲೂ ಬಹುಮಾನ ಬರುವುದೆಂದು ನಾವು ಮಕ್ಕಳಿಗೆ ಸುಳ್ಳು ಹೇಳಬಾರದು. ಆದರೆ ಅದು ಲೆಕ್ಕಕ್ಕೆ ಸೇರುತ್ತದೆ, ಉಳಿದುದೆಲ್ಲ ಸಮವಾದಾಗ ಅದೇ ತೂಕವಾಗುತ್ತದೆ ಎಂಬುದಂತೂ ಸತ್ಯ.

ಇನ್ನು ನಮ್ಮ ಮನೆಯಂಗಳಕ್ಕೆ ಬರೋಣ. ಕೆಲವು ವರ್ಷಗಳ ಹಿಂದೆ ನಾವು ಹುಡುಗರನ್ನು ಕರೆದುಕೊಂಡು ಒಂದು ಪಂದ್ಯಾಟಕ್ಕೆ ಹೋಗಿದ್ದೆವು. ಬೆಳಗ್ಗೆ ಆರು ಗಂಟೆಯ ಬಸ್ಸು. ಒಂದು ತಿಂಗಳ ಅಭ್ಯಾಸ. ಮೊದಲ ಪಂದ್ಯದಲ್ಲೇ ಒಂದು ಗೋಲಿನಿಂದ ಸೋಲು. ನಾಕೌಟ್ ಆದುದರಿಂದ ಕೆಲಸ ಮುಗಿಯಿತು. ಹನ್ನೊಂದು ಗಂಟೆಗೆ ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ಕುಳಿತು ಮಧ್ಯಾಹ್ನದ ಬುತ್ತಿ ಬಿಚ್ಚಿದೆವು. ಯಾರೂ ಮಾತನಾಡಲಿಲ್ಲ. ಆ ಹುಡುಗರಲ್ಲಿ ಕೆಲವರು ಮತ್ತೆ ಚೆಂಡು ಮುಟ್ಟಲಿಲ್ಲ. ಸಮಯವಿಲ್ಲ, ಹಣವಿಲ್ಲ, ಆದುದರಿಂದ ನಾಕೌಟ್ ಎಂದು ನಡೆಸುವವರು ಹೇಳುತ್ತಾರೆ. ಅವರ ಕಷ್ಟವೂ ಸುಳ್ಳಲ್ಲ. ಆದರೆ ನಮ್ಮ ಶಾಲೆಯೊಳಗಿನ ಪಂದ್ಯಗಳಿಗೆ ಈ ಕಾರಣ ಹೇಳುವಂತಿಲ್ಲ. ನಾಲ್ಕು ತಂಡ, ಆರು ಪಂದ್ಯ, ಆರು ಸಂಜೆ. ಅಷ್ಟೇ ಸಾಕು. ಮುಂದಿನ ವರ್ಷದಿಂದ ಹೀಗೆಯೇ ನಡೆಯಬೇಕೆಂದು ನಮ್ಮ ಕೋರಿಕೆ. ಕೋಷ್ಟಕ ಬರೆಯುವ ಕೆಲಸ ಗಣಿತದಲ್ಲಿ ಹಿಂದೆ ಬಿದ್ದ ಮಕ್ಕಳಿಗೇ ಇರಲಿ. ಹತ್ತನೆಯವರ ಆಟದ ಪಿರಿಯಡ್ಡನ್ನು ಪಾಠಕ್ಕೆಂದು ಕಸಿದುಕೊಳ್ಳುವವರಲ್ಲಿ ನಾವೂ ಒಬ್ಬರಾಗಿದ್ದೆವು. ಇನ್ನು ಮುಂದೆ ಹಾಗೆ ಮಾಡುವುದಿಲ್ಲವೆಂದು ಈ ಪುಟದಲ್ಲಿ ಮಾತು ಕೊಡುತ್ತೇವೆ.

ರಕ್ಷಕರಲ್ಲಿ ಒಂದು ವಿನಂತಿ. ಓಣಂ ಪರೀಕ್ಷೆ, ಕ್ರಿಸ್ಮಸ್ ಪರೀಕ್ಷೆ, ವಾರ್ಷಿಕ ಪರೀಕ್ಷೆ ಎಂದು ನಿಮ್ಮ ಮಕ್ಕಳಿಗೂ ವರ್ಷಕ್ಕೆ ಮೂರು ಆಟಗಳಿವೆ. ಓಣಂ ಪರೀಕ್ಷೆಯ ಅಂಕ ನೋಡಿದೊಡನೆಯೇ 'ಇವನು ಓದಿ ಉದ್ಧಾರವಾಗುವವನಲ್ಲ, ಹೇಗೂ ಗಲ್ಫಿಗೆ ಹೋಗುವವನು' ಎಂದು ಮಗುವಿನ ಎದುರಿನಲ್ಲೇ ತೀರ್ಪು ಕೊಡುವ ತಂದೆತಾಯಿಗಳನ್ನು ನಾವು ಪ್ರತಿವರ್ಷ ಕಾಣುತ್ತೇವೆ. ದೂರದ ಮರಳುನಾಡಿನಲ್ಲಿ ದುಡಿಯುವ ತಂದೆಯೂ ಫೋನಿನಲ್ಲಿ ಮೊದಲು ಕೇಳುವುದು ಅಂಕವನ್ನೇ. ಕೇಳಲಿ, ತಪ್ಪಲ್ಲ. ಆದರೆ ಮುಂದಿನ ಆಟ ಯಾವಾಗ, ಅದಕ್ಕೆ ಏನು ಸಿದ್ಧತೆ ಎಂದೂ ಕೇಳಲಿ. ಇದು ಅಧ್ಯಾಪಕರಾದ ನಮಗೂ ಸಲ್ಲುವ ಮಾತು.

ಆ ಹುಡುಗನಿಗೆ ಕ್ರಿಸ್ಮಸ್ ಪರೀಕ್ಷೆಯಲ್ಲಿ ಗಣಿತಕ್ಕೆ ಬಂದ ಅಂಕ ದೊಡ್ಡದೇನಲ್ಲ. ಗೆದ್ದನೆನ್ನಲಾಗದು, ಸಮ ಮಾಡಿಕೊಂಡನೆನ್ನಬಹುದು. ಈ ಸಂಚಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಅವನ ಮೂರನೆಯ ಆಟ ಇನ್ನೂ ಮುಂದಿದೆ. ಮೊದಲ ಎರಡು ಆಟಗಳಲ್ಲಿ ಎಡವಿದ ಎಲ್ಲ ಮಕ್ಕಳಿಗೂ ಅವನೊಡನೆ ನಮ್ಮ ಶುಭಾಶಯಗಳು.