ಉಸ್ತಾದ್ ಕೂಗಿದ್ದೊಂದೇ ನೆನಪಾ?

ಹೋದ ಭಾನುವಾರ ನಮ್ಮನೆ ಜಗಲಿ ಮ್ಯಾಲೆ ಮೂರು ಜನ ಮಿಲ್ಟ್ರಿಯೋರು ಸೇರಿದ್ರು. ನಮ್ಮೋರು ಒಬ್ರು, ಪೆನ್ಶನ್ ತಗೊಂಡು ಊರಿಗೆ ಬಂದಿರೋ ಅಕ್ಕಪಕ್ಕದ ಹಳ್ಳಿಯೋರು ಇಬ್ರು. ನಾನು ಮೂರು ಸಲ ಕಾಫಿ ಕೊಟ್ಟೆ. ಮೂರು ಸಲಾನೂ ಅದೇ ಮಾತು ನಡೀತಿತ್ತು: ಅವ್ರವ್ರ ಉಸ್ತಾದ್ ಕತೆ.

ಉಸ್ತಾದ್ ಅಂದ್ರೆ ಹೊಸದಾಗಿ ಮಿಲ್ಟ್ರಿ ಸೇರಿದ ಹುಡುಗ್ರಿಗೆ ಡ್ರಿಲ್ಲು, ಓಟ, ಬಂದೂಕು ಹಿಡಿಯೋದು ಎಲ್ಲಾ ಕಲಿಸೋರು. ನಮ್ಮೋರು ಸೇರಿದಾಗ ಒಂದಕ್ಷರ ಹಿಂದಿ ಬರ್ತಿರಲಿಲ್ವಂತೆ. ಮೊದಲ ದಿನ ಉಸ್ತಾದ್ "ಸಾವಧಾನ್" ಅಂತ ಕೂಗಿದ್ರಂತೆ. ನಮ್ಮ ಕಡೆ ಸಾವಧಾನ ಅಂದ್ರೆ ನಿಧಾನ ಅಲ್ವಾ? ಈಯಪ್ಪ ಆರಾಮಾಗಿ ನಿಂತ್ಕೊಂಡವ್ರೆ. ಅಲ್ಲಿ ಅದಕ್ಕೆ ಅರ್ಥ ಮೈಯೆಲ್ಲಾ ಬಿಗಿ ಹಿಡಿದು ಅಲ್ಲಾಡದಂಗೆ ನಿಲ್ಲು ಅಂತ! ಬಿತ್ತಂತೆ ಕೆನ್ನೆಗೆ. ಆಮೇಲೆ ಟ್ರಂಕು ತಲೆ ಮ್ಯಾಲೆ ಹೊತ್ಕೊಂಡು ಗ್ರೌಂಡ್ ಸುತ್ತು ಅಂತ ಶಿಕ್ಷೆ. ಈ ಕತೆಗೆ ಮೂರು ಜನಾನೂ ಹೊಟ್ಟೆ ಹಿಡ್ಕೊಂಡು ನಕ್ಕರು. ಕೊನೆಗೆ ಒಬ್ರು, "ಏನೇ ಹೇಳಿ, ನನ್ನನ್ನ ಮನುಷ್ಯನ್ನ ಮಾಡಿದ್ದೇ ಆ ಪುಣ್ಯಾತ್ಮ" ಅಂದ್ರು. ಉಳಿದಿಬ್ರೂ ಹೂಂ ಅಂದ್ರು.

ಪಕ್ಕದ ಮನೆ ಹುಡುಗಿ ಕಾಂಪೌಂಡ್ ಹತ್ರ ನಿಂತ್ಕೊಂಡು ಎಲ್ಲಾ ಕೇಳಿಸ್ಕೊಂಡವಳೆ. ಅವಳಿಗೆ ಮಿಲ್ಟ್ರಿ ಪೊಲೀಸ್ ಆಗೋ ಆಸೆ. ದಿನಾ ಒತ್ತಾರೆ 1.6 ಕಿಲೋಮೀಟರ್ ಓಡೋದು ಅಭ್ಯಾಸ ಮಾಡ್ತಾವಳೆ. ಆವತ್ತು ರಾತ್ರಿ ಅವಳಮ್ಮ ಹೆಪ್ಪಿಗೆ ಮಜ್ಜಿಗೆ ಕೇಳೋ ನೆಪದಲ್ಲಿ ಬಂದು, "ಅಕ್ಕಾ, ನಮ್ಮ ಹುಡುಗೀನೂ ಅಂಗೇ ಹೊಡೀತಾರಾ? ಹೊಡುದ್ರೇನೇ ಮನುಷ್ಯರಾಗೋದಾ?" ಅಂತ ಕೇಳಿದ್ಲು. ನಂಗೆ ಆಗ ಉತ್ತರ ಹೊಳೀಲಿಲ್ಲ. ಒಂದು ವಾರ ಯೋಚನೆ ಮಾಡಿ ಇಲ್ಲಿ ಬರೀತಾ ಇದೀನಿ.

ಮೊದಲು ನಮ್ಮನೆ ವಿಷಯ ಹೇಳ್ಬುಡ್ತೀನಿ. ಬಚ್ಚಿಡೋದೇನೈತೆ. ನನ್ನ ಮಗಂಗೆ ಆರು ವರ್ಷ ಇದ್ದಾಗ ನಮ್ಮೋರು ಎರಡು ತಿಂಗಳು ರಜಕ್ಕೆ ಬಂದಿದ್ರು. ಬೆಳಿಗ್ಗೆ ಐದಕ್ಕೆ ಸೀಟಿ ಊದೋರು. ಕಂಬಳಿ ಮೂಲೆಗೆ ಮೂಲೆ ಸೇರಿಸಿ ಮಡಚಬೇಕು, ಚಪ್ಪಲಿ ಸಾಲಾಗಿರಬೇಕು. ಒಂದಿನ ಮಗ ಎಡದ ಚಪ್ಪಲಿ ಬಲಕ್ಕೆ ಇಟ್ಟಿದ್ದ. ಇವ್ರು ಅಂಗಳ ನಡುಗೋ ಹಂಗೆ ಕೂಗಿದ್ರು. ಕೂಸು ನಿಂತಲ್ಲೇ ಚಡ್ಡೀಲಿ ಉಚ್ಚೆ ಹುಯ್ಕೊಂಡ. ನಾನು ಅಡಿಗೆ ಮನೆ ಬಾಗಿಲಲ್ಲಿ ನಿಂತಿದ್ದೆ, ಒಂದು ಮಾತಾಡ್ಲಿಲ್ಲ. "ನಮ್ಮುಸ್ತಾದ್ ಮಾಡಿದ್ರಾಗೆ ಇದು ಕಾಲು ಭಾಗಾನೂ ಅಲ್ಲ" ಅಂದ್ರು ಇವ್ರು. ಈಗ ಮಗ ಕೆಲಸದಲ್ಲವ್ನೆ, ಚೆನ್ನಾಗವ್ನೆ. ಆದ್ರೆ ಫೋನ್ ಮಾಡಿದ್ರೆ ನಂಗೇ ಮಾಡ್ತಾನೆ. "ಅಪ್ಪಂಗೆ ಹೇಳಮ್ಮ" ಅಂತಾನೆ. ಅಪ್ಪ ಎದುರಿಗೇ ಕೂತಿರ್ತಾರೆ.

ಪಕ್ಕದ ಮನೆಯೋಳು ಕೇಳಿ ಹೋದ ಮ್ಯಾಲೆ ನಾನು ಇವ್ರನ್ನ ಕೇಳ್ದೆ. "ಆ ಉಸ್ತಾದ್ ಕೂಗಿದ್ದು, ಹೊಡೆದಿದ್ದು ಬುಟ್ಟು ಇನ್ನೇನು ಮಾಡಿದ್ರು, ಅದನ್ನ ಹೇಳಿ" ಅಂದೆ. ಬಾಳ ಹೊತ್ತು ಸುಮ್ಕಿದ್ರು. ಆಮೇಲೆ ಒಂದೊಂದೇ ಬಂತು. ಮೊದಲನೇ ತಿಂಗಳು ಬೂಟು ಕಚ್ಚಿ ಎರಡು ಕಾಲೂ ಬೊಬ್ಬೆ ಬಂದಾಗ ಆ ಮನುಷ್ಯ ರಾತ್ರಿ ಬ್ಯಾರಕ್‌ಗೆ ಬಂದು ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಡಿಸಿದ್ರಂತೆ. ಸಾಕ್ಸು ಒಂದು ಸುಕ್ಕೂ ಇಲ್ದಂಗೆ ಹೆಂಗೆ ಹಾಕ್ಕೋಬೇಕು ಅಂತ ನೆಲಕ್ಕೆ ಕೂತು ತೋರಿಸಿದ್ರಂತೆ. ನಮ್ಮತ್ತೆಗೆ ಹುಷಾರಿಲ್ಲ ಅಂತ ಕಾಗದ ಬಂದಾಗ ಇವ್ರಿಗೆ ಹಿಂದಿಯಲ್ಲಿ ಹೇಳೋಕೆ ಬಾರದೆ ಅಳ್ತಾ ನಿಂತಿದ್ರಂತೆ. ಕನ್ನಡ ಬರೋ ಒಬ್ಬನ್ನ ಹುಡುಕ್ಕೊಂಡು ಬಂದು, ಓದಿಸಿ, ರಜದ ಅರ್ಜಿ ತಾನೇ ಬರೆಸಿದ್ರಂತೆ. ಓಟದಲ್ಲಿ ದಿನಾ ಹುಡುಗ್ರ ಜೊತೆ ತಾನೂ ಓಡೋರಂತೆ.

"ಇದನ್ನ ಯಾಕೆ ಜಗಲಿ ಮ್ಯಾಲೆ ಹೇಳ್ಲಿಲ್ಲ?" ಅಂದೆ.

"ಇದೇನು ಹೇಳೋ ಅಂಥದ್ದಾ?" ಅಂದ್ರು.

ನೋಡಿ, ನಾನು ಹೇಳಬೇಕು ಅಂತಿರೋದು ಇಷ್ಟೇ. ಇವ್ರನ್ನ ಮನುಷ್ಯರನ್ನಾಗಿ ಮಾಡಿದ್ದು ಆ ಉಪ್ಪುನೀರು, ಆ ಕಾಗದ, ಆ ಜೊತೆ ಓಟ. ಕಪಾಳಕ್ಕೆ ಬಿದ್ದ ಏಟು ಹೇಳೋಕೆ ಚೆಂದ, ನಗು ಬರುತ್ತೆ, ಅದಕ್ಕೇ ಅದೇ ನೆನಪಲ್ಲಿ ಉಳೀತದೆ. ಮನೆಗೆ ತಂದಿದ್ದೂ ಅದನ್ನೇ. ಉಪ್ಪುನೀರು ಮಾತ್ರ ಅಲ್ಲೇ ಬ್ಯಾರಕ್‌ನಲ್ಲೇ ಉಳೀತು.

ಡ್ರಿಲ್ ಕೂಗೋದ್ರಾಗೂ ಒಂದು ಕ್ರಮ ಐತಂತೆ, ಇದೂ ಇವ್ರೇ ಹೇಳಿದ್ದು. ಒಂದೊಂದು ಹುಕುಮಿಗೂ ಎರಡು ಭಾಗ. "ಪೀಛೇ..." ಅಂತ ಮೊದಲು ಎಳೆದು ಹೇಳೋದು. ಹಿಂದಕ್ಕೆ ತಿರುಗೋದೈತೆ, ತಯಾರಾಗ್ರಪ್ಪಾ ಅಂತ ಅದರರ್ಥ. ಸ್ವಲ್ಪ ತಡೆದು "ಮುಡ್" ಅಂತ ಚಿಕ್ಕದಾಗಿ, ಜೋರಾಗಿ. ಆಗ ಎಲ್ಲಾರೂ ಒಂದೇ ಸಲ ತಿರುಗ್ತಾರೆ. ಮೊದಲ ಭಾಗ ಹೇಳದೆ ಬರೀ "ಮುಡ್" ಅಂತ ಕೂಗಿದ್ರೆ ಯಾವ ಸಿಪಾಯಿಗೂ ಸರಿಯಾಗಿ ತಿರುಗೋಕೆ ಆಗಲ್ವಂತೆ. ಮನೆಗಳಲ್ಲಿ ನಾವು ಕೂಗೋದು ಬರೀ "ಮುಡ್". ತಯಾರಾಗೋಕೆ ಬಿಡೋದೇ ಇಲ್ಲ.

ಇವ್ರಷ್ಟೇ ಅಲ್ಲ, ನಾನೂ ಸೇರಿ. ಹೊಸ ಮದುವಣಗಿತ್ತಿಯಾಗಿ ಬಂದಾಗ ನಂಗೆ ಮುದ್ದೆ ಗಂಟು ಗಂಟಾಗೋದು. ನಮ್ಮತ್ತೆ ಎಲ್ಲಾರ ಮುಂದೆ ಬೈಯೋರು. ಇವತ್ತಿಗೂ ನೆಂಟ್ರ ಮುಂದೆ, "ಅತ್ತೆ ಬೈದಿದ್ದಕ್ಕೇ ಮುದ್ದೆ ಕಲಿತೆ" ಅಂತೀನಿ. ಸುಳ್ಳು. ಒಂದಿನ ಯಾರೂ ಇಲ್ದಾಗ ನನ್ನ ಹಿಂದೆ ನಿಂತು, ನನ್ನ ಕೈ ಮ್ಯಾಲೆ ಅವರ ಕೈ ಇಟ್ಟು, ಕೋಲು ಯಾವ ಕಡೆ ತಿರುವಬೇಕು, ಹಿಟ್ಟು ಎಷ್ಟೊತ್ತು ಬೇಯಬೇಕು ಅಂತ ತೋರಿಸಿದ್ರು. ಕಲಿತಿದ್ದು ಆವತ್ತು. ಆದ್ರೆ ನನ್ನ ಸೊಸೆ ಬಂದ ಹೊಸದ್ರಾಗೆ ನಾನು ಅವಳಿಗೆ ಕೊಟ್ಟಿದ್ದು ಬೈಗುಳ ಮಾತ್ರ. ಎಷ್ಟು ಜನ ಅತ್ತೇರು ಇದನ್ನ ಓದ್ತಾ ಇದೀರೋ, ಎದೆ ಮುಟ್ಕೊಂಡು ಹೇಳಿ.

ಬಿಗಿ ಬೇಡವೇ ಬೇಡ ಅಂತ ನಾನಂತಿಲ್ಲ. ಗುಂಡು ಹಾರೋ ಜಾಗದಲ್ಲಿ "ಮಲಕ್ಕೋ" ಅಂದ್ರೆ ಯಾಕೆ ಅಂತ ಕೇಳ್ತಾ ನಿಂತ್ರೆ ಜೀವ ಹೋಗುತ್ತೆ. ಹೆದರಿಕೇಲೂ ಮೈ ತಾನಾಗೇ ಹೇಳಿದ್ದು ಕೇಳಲಿ ಅಂತಾನೇ ಅಷ್ಟು ದಿನ ತಿದ್ದೋದು. ಆದ್ರೆ ಬಿಗಿಗೂ ಒಂದು ಎಲ್ಲೆ ಇರಬೇಕು. ಅಮೆರಿಕದಲ್ಲಿ ಪ್ಯಾರಿಸ್ ಐಲ್ಯಾಂಡ್ ಅಂತ ಮರೀನ್ ಪಡೆಯ ಟ್ರೈನಿಂಗ್ ಜಾಗ ಐತೆ. 1956ರ ಏಪ್ರಿಲ್ 8ರ ರಾತ್ರಿ ಅಲ್ಲೊಬ್ಬ ಡ್ರಿಲ್ ಕಲಿಸೋನು ಹುಡುಗ್ರಿಗೆ ಶಿಸ್ತು ಕಲಿಸ್ತೀನಿ ಅಂತ ರಿಬ್ಬನ್ ಕ್ರೀಕ್ ಅನ್ನೋ ಜೌಗು ಹಳ್ಳಕ್ಕೆ ನಡೆಸ್ಕೊಂಡು ಹೋದ. ಆರು ಜನ ಹುಡುಗ್ರು ಮುಳುಗಿ ಸತ್ತರು. ಅವನೂ ನೀರಿಗೆ ಇಳಿದಿದ್ದ, ಆದ್ರೆ ಯಾರಿಗೆ ಈಜು ಬರಲ್ಲ ಅಂತ ನೋಡ್ಕೊಳ್ಳಲಿಲ್ಲ. ಅದಾದ ಮ್ಯಾಲೆ ಆ ಪಡೆಯೋರು ಕಲಿಸೋರ ಮ್ಯಾಲೇ ಕಣ್ಣಿಡೋ ಅಧಿಕಾರಿಗಳನ್ನ ಹಾಕಿ ತರಬೇತಿ ಕ್ರಮಾನೇ ಬದಲಾಯಿಸಿದ್ರು.

ಇನ್ನು ಪಕ್ಕದ ಮನೆ ತಂಗೀಗೆ ನನ್ನ ಉತ್ತರ: ಕಳಿಸವ್ವ, ಧೈರ್ಯವಾಗಿ ಕಳಿಸು. ದೂರ ಏನೂ ಅಲ್ಲ, ಹೆಣ್ಣುಮಕ್ಕಳ ಮೊದಲನೇ ಮಿಲ್ಟ್ರಿ ಪೊಲೀಸ್ ಪಡೆ ತಯಾರಾಗಿದ್ದು ನಮ್ಮ ಬೆಂಗಳೂರಲ್ಲೇ. 83 ಜನ ಹೆಣ್ಣುಮಕ್ಕಳು 61 ವಾರ ತರಬೇತಿ ಮುಗಿಸಿ 2021ರ ಮೇ 8ಕ್ಕೆ ದ್ರೋಣಾಚಾರ್ಯ ಪರೇಡ್ ಗ್ರೌಂಡ್‌ನಲ್ಲಿ ಹೆಜ್ಜೆ ಹಾಕಿದ್ರು. ನಿನ್ನ ಮಗಳಿಗೆ ಕಲಿಸೋರು ಕೂಗ್ತಾರೆ, ಕೂಗಲಿ. ನೀನು ಫೋನಲ್ಲಿ "ಬೈದ್ರಾ, ಹೊಡೆದ್ರಾ" ಅಂತಷ್ಟೇ ಕೇಳ್ಬೇಡ. "ನಿಮ್ಮ ಜೊತೆ ಓಡ್ತಾರಾ? ಕಾಲು ನೋಯ್ತದೆ ಅಂದ್ರೆ ನೋಡ್ತಾರಾ?" ಅಂತಾನೂ ಕೇಳು. ಏಟು ಬಿದ್ರೆ ಹೇಳೋಕೆ ನಾಚ್ಕೋಬೇಡ, ಅದು ಗಟ್ಟಿತನ ಅಲ್ಲ ಅಂತ ಈಗಲೇ ಹೇಳಿ ಕಳಿಸು.

ಇದು ಈಗ ಇನ್ನೂ ಮುಖ್ಯ. 2022ರಲ್ಲಿ ಬಂದ ಅಗ್ನಿವೀರ್ ಪದ್ಧತೀಲಿ ನಾಲ್ಕು ವರ್ಷ ಆದ ಮ್ಯಾಲೆ ನೂರಕ್ಕೆ 25 ಜನರನ್ನ ಮಾತ್ರ ಮುಂದಕ್ಕೆ ಇಟ್ಕೊಳ್ಳೋದು. ಉಳಿದೋರು ಇಪ್ಪತ್ತೆರಡು, ಇಪ್ಪತ್ತಮೂರಕ್ಕೇ ಮನೆಗೆ ಬರ್ತಾರೆ. ಮದುವೆ ಆಗ್ತಾರೆ, ಮಕ್ಕಳಾಗ್ತವೆ. ಉಸ್ತಾದ್ ದನಿ ಇನ್ನೂ ಕಿವೀಲಿರುವಾಗಲೇ ಸಂಸಾರ ಶುರುವಾಗುತ್ತೆ. ಅವ್ರು ಯಾವ ನೆನಪು ಹೊತ್ಕೊಂಡು ಬರ್ತಾರೆ ಅನ್ನೋದು ಅವ್ರ ಹೆಂಡ್ತೀರಿಗೂ ಮಕ್ಕಳಿಗೂ ಬೇಕಾದ ವಿಷಯ.

ಅದಕ್ಕೇ ನಿಮ್ಮನೇಲಿ ಮಿಲ್ಟ್ರಿಯೋರು ಇದ್ರೆ, ಪೊಲೀಸಿನೋರು ಇದ್ರೂ ಸರಿ, ಕಾಫಿ ಕೊಟ್ಟು ಪಕ್ಕದಲ್ಲಿ ಕೂತ್ಕೊಂಡು ಕೇಳಿ, ಇನ್ನೊಂದರ್ಧ ಕತೆ ಏನು ಅಂತ. ನಾನು ಕೇಳಿದ್ದನ್ನ ಮಗಂಗೆ ಫೋನಲ್ಲಿ ಹೇಳ್ದೆ. ಬೊಬ್ಬೆ ಬಂದಿದ್ದು, ಕಾಗದ ಹಿಡ್ಕೊಂಡು ಅತ್ತಿದ್ದು ಎಲ್ಲಾ. "ಅಪ್ಪ ಅತ್ತಿದ್ರಾ?" ಅಂದ. ಆಮೇಲೆ ಏನೂ ಮಾತಾಡ್ಲಿಲ್ಲ, ಫೋನೂ ಇಡ್ಲಿಲ್ಲ. ನಾನು ಇವ್ರ ಕೈಗೆ ಫೋನ್ ಕೊಟ್ಟು ಹಾಲು ಕರೆಯೋಕೆ ಹೋದೆ. ಡೈರಿಗೆ ಹಾಲು ಹಾಕಿ ಬಂದಾಗ ಇವ್ರು ಇನ್ನೂ ಫೋನ್ ಹಿಡ್ಕೊಂಡು ಜಗಲಿ ಮ್ಯಾಲೇ ಕೂತಿದ್ರು. ಏನ್ ಮಾತಾಡಿದ್ರು ಅಂತ ನಾನು ಕೇಳ್ಲಿಲ್ಲ.