ಆರೋಗ್ಯ ವಿಚಾರ: ಜ್ವರ ಬಿಟ್ಟ ಮೇಲೆ ಕಟ್ಟುವ ಹೆಪ್ಪು

ನಮ್ಮ ವಾಚಕರಾದ ಗೃಹಸ್ಥರೊಬ್ಬರು ತಮ್ಮ ಮನೆಯಲ್ಲಿ ನಡೆದ ಸಂಗತಿಯೊಂದನ್ನು ಬರೆದು ತಿಳಿಸಿರುವರು. ಅವರ ತಾಯಿಯವರಿಗೆ ನ್ಯುಮೋನಿಯ ಬಂದು, ಹತ್ತು ದಿನಗಳ ಮೇಲೆ ಜ್ವರ ಬಿಟ್ಟಿತು. ವಯಸ್ಸು ಅರುವತ್ತೆಂಟು. ಗಂಡಾಂತರ ಕಳೆಯಿತೆಂದು ಮನೆಯವರೆಲ್ಲರೂ ನಿಟ್ಟುಸಿರು ಬಿಟ್ಟು, ಶಕ್ತಿ ಬರುವವರೆಗೆ ಆಕೆ ಹಾಸಿಗೆಯಿಂದ ಏಳಕೂಡದೆಂದು ಕಟ್ಟುಮಾಡಿದರು. ಜ್ವರ ಬಿಟ್ಟ ಆರನೆಯ ದಿನ ಎಡಗಾಲಿನ ಮೀನಖಂಡವು ಊದಿಕೊಂಡು, ಮುಟ್ಟಿದರೆ ಬಿಸಿಯಾಗಿ, ನೋಯತೊಡಗಿತು. ಮಲಗಿ ಮಲಗಿ ವಾಯು ಹಿಡಿದಿರಬೇಕೆಂದು ಬಗೆದು, ಸೊಸೆಯು ಎಣ್ಣೆ ಕಾಯಿಸಿ ತಿಕ್ಕಲು ಸಿದ್ಧಳಾದಳು. ದೈವವಶಾತ್ ನೆರೆಮನೆಯಲ್ಲಿ ದಾದಿಯ ಕೆಲಸ ಮಾಡುವ ಹೆಣ್ಣುಮಗಳೊಬ್ಬಳಿದ್ದಳು. ಅವಳು ಕಾಲನ್ನು ನೋಡಿದೊಡನೆಯೇ, "ತಿಕ್ಕಬೇಡಿರಮ್ಮ, ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ" ಎಂದಳು. ಕಾಲಿನ ಆಳದ ಸಿರೆಯಲ್ಲಿ ನೆತ್ತರು ಹೆಪ್ಪುಗಟ್ಟಿದೆಯೆಂದು ಅಲ್ಲಿ ತಿಳಿದುಬಂದಿತು. ತಕ್ಕ ಚಿಕಿತ್ಸೆಯಾಗಿ ತಾಯಿಯವರು ಈಗ ಕ್ಷೇಮವಾಗಿದ್ದಾರೆ. "ರೋಗವಿದ್ದುದು ಶ್ವಾಸಕೋಶದಲ್ಲಿ, ಹೆಪ್ಪು ಕಟ್ಟಿದುದು ಕಾಲಿನಲ್ಲಿ. ಇವೆರಡಕ್ಕೂ ಏನು ಸಂಬಂಧ?" ಎಂಬುದು ಆ ಗೃಹಸ್ಥರ ಪ್ರಶ್ನೆ.

ಪ್ರಶ್ನೆಯು ಒಂದು ಮನೆಯದಲ್ಲ, ಎಲ್ಲ ಮನೆಗಳದು. ಆದುದರಿಂದ ಈ ತಿಂಗಳು ಅದನ್ನೇ ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಬೆರಳಿಗೆ ಮುಳ್ಳು ಚುಚ್ಚಿದರೆ ಎರಡು ಸಂಗತಿಗಳು ಕಾಣಬರುತ್ತವೆ. ಮೊದಲನೆಯದಾಗಿ, ಒಸರುವ ನೆತ್ತರು ಸ್ವಲ್ಪ ಹೊತ್ತಿನಲ್ಲಿ ಹೆಪ್ಪುಗಟ್ಟಿ ನಿಲ್ಲುತ್ತದೆ. ಎರಡನೆಯದಾಗಿ, ಆ ಸ್ಥಳವು ಕೆಂಪಾಗಿ, ಬಿಸಿಯಾಗಿ, ಊದಿ ನೋಯುತ್ತದೆ. ಈ ನಾಲ್ಕು ಲಕ್ಷಣಗಳನ್ನು ರೋಮ್ ದೇಶದ ಸೆಲ್ಸಸ್ ಎಂಬಾತನು ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿಯೇ ಹೇಳಿದ್ದನು. ಇದಕ್ಕೆ ಉರಿಯೂತವೆಂದು ಹೆಸರು. ಹೆಪ್ಪುಗಟ್ಟುವುದು ನೆತ್ತರನ್ನು ಉಳಿಸುವುದಕ್ಕೆ. ಉರಿಯೂತವು ಒಳನುಗ್ಗಿದ ಕ್ರಿಮಿಗಳನ್ನು ಕೊಲ್ಲುವುದಕ್ಕೆ. ಇವು ಬೇರೆ ಬೇರೆ ಕೆಲಸಗಳೆಂದು ಬಹುಕಾಲ ಎಣಿಸಲಾಗಿತ್ತು. ವಾಸ್ತವದಲ್ಲಿ ಇವೆರಡೂ ಒಂದೇ ಕೋಟೆಯ ಕಾವಲುಗಾರರು. ಒಬ್ಬನು ಕೂಗಿದರೆ ಮತ್ತೊಬ್ಬನೂ ಎಚ್ಚರಗೊಳ್ಳುವನು.

ಇದಕ್ಕೆ ಸಮುದ್ರದ ಒಂದು ಪ್ರಾಣಿಯ ಉದಾಹರಣೆಯನ್ನು ಹೇಳಬಹುದು. ಕುದುರೆಲಾಳದ ಏಡಿ ಎಂಬ ಪ್ರಾಣಿಯು ಬಹು ಪುರಾತನವಾದುದು. ನಮ್ಮ ದೇಶದ ಒಡಿಶಾ ಮತ್ತು ಬಂಗಾಳದ ಕರಾವಳಿಯಲ್ಲಿಯೂ ಇದೆ. ಅದರ ರಕ್ತವು ನೀಲಿಬಣ್ಣದ್ದು. ಕ್ರಿಮಿಗಳ ವಿಷವು ಸ್ವಲ್ಪವೇ ತಗುಲಿದರೂ ಆ ರಕ್ತವು ಕೂಡಲೆ ಹೆಪ್ಪುಗಟ್ಟಿ ಕ್ರಿಮಿಗಳನ್ನು ಸೆರೆಹಿಡಿಯುತ್ತದೆ. ಅಮೆರಿಕದ ಫ್ರೆಡರಿಕ್ ಬ್ಯಾಂಗ್ ಎಂಬ ವಿದ್ವಾಂಸನು ಇದನ್ನು ೧೯೫೬ರಲ್ಲಿ ಪ್ರಕಟಿಸಿದನು. ಚುಚ್ಚುಮದ್ದುಗಳಲ್ಲಿ ಅಂಥ ವಿಷವಿದೆಯೇ ಎಂದು ಪರೀಕ್ಷಿಸುವುದಕ್ಕೆ ಈ ಏಡಿಯ ರಕ್ತವನ್ನೇ ಬಹುಕಾಲದಿಂದ ಉಪಯೋಗಿಸುತ್ತ ಬಂದಿದ್ದಾರೆ. ಆ ಪ್ರಾಣಿಗೆ ಹೆಪ್ಪುಗಟ್ಟುವುದೇ ರೋಗನಿರೋಧ. ಮನುಷ್ಯನ ದೇಹದಲ್ಲಿ ಈ ಕೆಲಸಗಳು ಕವಲೊಡೆದಿದ್ದರೂ ಬೇರು ಮಾತ್ರ ಕಡಿದುಹೋಗಿಲ್ಲ.

ನಮ್ಮ ರಕ್ತದ ಬಿಳಿಯ ಕಣಗಳಲ್ಲಿ ಒಂದು ಜಾತಿಯವು ಕ್ರಿಮಿಗಳನ್ನು ಕಂಡಾಗ ತಮ್ಮ ಒಡಲೊಳಗಿನ ನೂಲನ್ನೇ ಹೊರಚೆಲ್ಲಿ ಬಲೆಯೊಡ್ಡುತ್ತವೆಂದು ಬರ್ಲಿನಿನ ಸಂಶೋಧಕರು ೨೦೦೪ರಲ್ಲಿ ತೋರಿಸಿಕೊಟ್ಟರು. ಬಲೆಯಲ್ಲಿ ಕ್ರಿಮಿಗಳು ಸಿಕ್ಕಿಬೀಳುವುದು ಒಳ್ಳೆಯದೇ. ಆದರೆ ರಕ್ತನಾಳದೊಳಗೆ ಹರಡಿದ ಬಲೆಗೆ ಹೆಪ್ಪುಗಟ್ಟಿಸುವ ಕಿರುಕಣಗಳೂ, ಕೆಂಪುಕಣಗಳೂ ಅಂಟಿಕೊಳ್ಳುತ್ತವೆ. ಹೊಳೆಯಲ್ಲಿ ಮೀನಿಗೆ ಒಡ್ಡಿದ ಬಲೆಗೆ ಕಸಕಡ್ಡಿ ಸಿಕ್ಕಿ ನೀರಿನ ದಾರಿಯೇ ಕಟ್ಟಿದಂತೆ ಆಗುತ್ತದೆ.

ಇನ್ನು ನಮ್ಮ ವಾಚಕರ ತಾಯಿಯವರ ವಿಚಾರ. ನೆತ್ತರು ನಾಳದೊಳಗೇ ಹೆಪ್ಪುಗಟ್ಟುವುದನ್ನು ಆಳವಾಗಿ ಶೋಧಿಸಿದವನು ಜರ್ಮನಿಯ ರುಡಾಲ್ಫ್ ವಿರ್ಕೋ. ಅವನು ೧೮೫೬ರಲ್ಲಿ ತನ್ನ ಸಂಶೋಧನೆಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಅವನ ಹೆಸರಿನಿಂದ ವೈದ್ಯರು ಇಂದಿಗೂ ಮೂರು ಕಾರಣಗಳನ್ನು ಎಣಿಸುತ್ತಾರೆ: ರಕ್ತದ ಹರಿವು ಮಂದವಾಗುವುದು, ರಕ್ತನಾಳದ ಒಳಗೋಡೆ ಕೆಡುವುದು, ರಕ್ತದ ಗುಣವೇ ಬದಲಾಗುವುದು. ಆ ತಾಯಿಯವರಲ್ಲಿ ಮೂರೂ ಕೂಡಿದುವು. ಹಾಸಿಗೆಯಲ್ಲಿ ಅಲುಗಾಡದೆ ಮಲಗಿದುದರಿಂದ ಕಾಲಿನ ನೆತ್ತರು ಮಂದವಾಯಿತು. ಉರಿಯೂತದಿಂದ ನಾಳಗಳ ನುಣುಪಾದ ಒಳಗೋಡೆ ಜಿಗುಟಾಯಿತು. ರಕ್ತದ ಗುಣವು ಬದಲಾದುದಕ್ಕೆ ಕಾರಣವನ್ನು ತಿಳಿಯಬೇಕಾದರೆ ನಾವು ಯಕೃತ್ತಿನ ಕಡೆಗೆ ನೋಡಬೇಕು.

ಜನರು ಲಿವರ್ ಎಂದು ಕರೆಯುವ ಯಕೃತ್ತು ದೇಹದ ಪಾಕಶಾಲೆ. ಹೆಪ್ಪಿನ ನಾರಿಗೆ ಮೂಲವಾದ ಫೈಬ್ರಿನೋಜನ್ ಎಂಬ ದ್ರವ್ಯವು ತಯಾರಾಗುವುದು ಅಲ್ಲಿಯೇ. ದೇಹದ ಯಾವ ಮೂಲೆಯಲ್ಲಿ ಉರಿಯೂತವಾದರೂ ಯಕೃತ್ತಿಗೆ ಕರೆ ಹೋಗುತ್ತದೆ. ಕೂಡಲೆ ಅದು ಈ ದ್ರವ್ಯವನ್ನು ಹೆಚ್ಚಾಗಿ ಮಾಡಿ ರಕ್ತಕ್ಕೆ ಬಿಡುತ್ತದೆ. ಆ ಸಂಗಡ ಸಿ-ಪ್ರತಿಕ್ರಿಯಾ ಪ್ರೋಟೀನ್ ಎಂಬುದನ್ನೂ ಬಿಡುತ್ತದೆ. ವೈದ್ಯರು ಸಿ.ಆರ್.ಪಿ. ಪರೀಕ್ಷೆ ಮಾಡಿಸಿರೆಂದು ಬರೆದುಕೊಡುವುದು ಇದನ್ನೇ. ಇದನ್ನು ೧೯೩೦ರಲ್ಲಿ ನ್ಯೂಯಾರ್ಕಿನಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬವರು ಮೊದಲು ಕಂಡುಹಿಡಿದುದು ನ್ಯುಮೋನಿಯ ರೋಗಿಗಳ ರಕ್ತದಲ್ಲಿಯೇ. ಜ್ವರ ಬಿಟ್ಟ ದಿನವೇ ಈ ಪಾಕಶಾಲೆಯ ಒಲೆ ಆರುವುದಿಲ್ಲ. ಮೈ ತಣ್ಣಗಾದರೂ ರಕ್ತವು ಕೆಲವು ದಿನಗಳವರೆಗೆ, ಒಮ್ಮೊಮ್ಮೆ ಕೆಲವು ವಾರಗಳವರೆಗೆ, ಹೆಪ್ಪುಗಟ್ಟುವುದಕ್ಕೆ ಸಿದ್ಧವಾಗಿಯೇ ಇರುತ್ತದೆ. ಗೃಹಸ್ಥರು ಮನಗಾಣತಕ್ಕ ಮುಖ್ಯ ಸಂಗತಿಯೇ ಇದು.

ಹೃದಯದಲ್ಲಿ ಇದು ಬೇರೆ ಬಗೆಯಾಗಿ ಕಾಣುವುದು. ಹೃದಯಕ್ಕೆ ರಕ್ತವನ್ನೊಯ್ಯುವ ಧಮನಿಗಳ ಗೋಡೆಯಲ್ಲಿ ಕೊಬ್ಬು ಸೇರಿ ದಪ್ಪನಾಗುವುದನ್ನು ಎಲ್ಲರೂ ಕೇಳಿಬಲ್ಲರು. ಆದರೆ ಹೃದಯಾಘಾತವಾಗುವುದು ಬರಿಯ ಕೊಬ್ಬಿನಿಂದಲ್ಲ. ಕೊಬ್ಬು ಸೇರಿದೆಡೆಯಲ್ಲಿ ಉರಿಯೂತವು ಬೂದಿ ಮುಚ್ಚಿದ ಕೆಂಡದಂತೆ ಇದ್ದು, ಮೇಲಿನ ಪೊರೆಯನ್ನು ತೆಳುವಾಗಿಸುತ್ತದೆ. ಒಂದು ದಿನ ಆ ಪೊರೆ ಬಿರಿದರೆ, ಗಾಯವಾಯಿತೆಂದು ತಿಳಿದು ರಕ್ತವು ಅಲ್ಲಿಯೇ ಹೆಪ್ಪುಗಟ್ಟಿ ಧಮನಿಯನ್ನು ಮುಚ್ಚಿಬಿಡುತ್ತದೆ. ಉರಿಯೂತವನ್ನು ಮಾತ್ರ ತಗ್ಗಿಸುವ ಒಂದು ಔಷಧವನ್ನು, ಒಮ್ಮೆ ಹೃದಯಾಘಾತವಾಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಪರೀಕ್ಷಿಸಿದ ಫಲವು ೨೦೧೭ರಲ್ಲಿ ಪ್ರಕಟವಾಯಿತು. ಕೊಬ್ಬಿನ ಅಂಶವು ತಗ್ಗದಿದ್ದರೂ, ಮತ್ತೆ ಹೃದಯಾಘಾತ ಮೊದಲಾದ ಅನಾಹುತಗಳಾಗುವುದು ನೂರಕ್ಕೆ ಸುಮಾರು ೧೫ರಷ್ಟು ಕಡಿಮೆಯಾಯಿತು. ಆದರೆ ಆ ಔಷಧ ಪಡೆದವರಲ್ಲಿ ಸೋಂಕಿನಿಂದ ಸತ್ತವರ ಸಂಖ್ಯೆ ಸ್ವಲ್ಪ ಹೆಚ್ಚಿತು. ಕಾವಲುಗಾರನನ್ನು ಮಲಗಿಸಿದರೆ ಕಳ್ಳನಿಗೆ ಅನುಕೂಲವಲ್ಲವೇ?

ಹೃದ್ರೋಗಿಗಳ ಮನೆಯವರು ಮತ್ತೊಂದನ್ನು ತಿಳಿದಿರಬೇಕು. ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ ನಡೆದ ಪರಿಶೀಲನೆಯೊಂದು ೨೦೧೮ರಲ್ಲಿ ಪ್ರಕಟವಾಯಿತು. ಇನ್‌ಫ್ಲುಯೆಂಜವೆಂದು ಪರೀಕ್ಷೆಯಿಂದ ಸ್ಥಿರಪಟ್ಟ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಸಂಭವವು ಉಳಿದ ಕಾಲಕ್ಕಿಂತ ಸುಮಾರು ಆರು ಪಟ್ಟು ಹೆಚ್ಚೆಂದು ಅದರಲ್ಲಿ ಕಂಡುಬಂದಿತು. ೨೦೨೦ರಲ್ಲಿ ಲೋಕವನ್ನೆಲ್ಲ ವ್ಯಾಪಿಸಿದ ಕೋವಿಡ್ ಈ ಪಾಠವನ್ನು ಮನೆಮನೆಗೂ ಕಲಿಸಿತು. ಶ್ವಾಸಕೋಶದ ಸಣ್ಣ ಸಣ್ಣ ನಾಳಗಳಲ್ಲಿ ಹೆಪ್ಪುಗಟ್ಟಿದುದನ್ನು ವೈದ್ಯರು ಕಂಡರು. ಆಸ್ಪತ್ರೆ ಸೇರಿದವರಿಗೆ ಹೆಪ್ಪು ತಡೆಯುವ ಚುಚ್ಚುಮದ್ದನ್ನು ಕೊಡುವುದು ರೂಢಿಯಾಯಿತು.

ಯಕೃತ್ತಿನ ರೋಗದ ವಿಷಯದಲ್ಲಿ ಮಾತ್ರ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಯಕೃತ್ತು ಗಟ್ಟಿಯಾಗಿ ಕುಗ್ಗಿ, ಜಲೋದರವಾದ ರೋಗಿಗೆ ಮೂಗಿನಲ್ಲಿ, ವಸಡಿನಲ್ಲಿ ನೆತ್ತರು ಒಸರುವುದುಂಟು. ರಕ್ತಪರೀಕ್ಷೆಯೂ ಹೆಪ್ಪುಗಟ್ಟಲು ತಡವಾಗುವುದೆಂದು ಹೇಳುತ್ತದೆ. ಇದನ್ನು ನೋಡಿ, "ಇವರ ರಕ್ತ ತೆಳು, ಹೆಪ್ಪಿನ ಭಯ ಇವರಿಗಿಲ್ಲ" ಎಂದು ಹಿಂದೆ ವೈದ್ಯರೂ ಭಾವಿಸಿದ್ದುಂಟು. ಆದರೆ ಆ ಪಾಕಶಾಲೆಯಲ್ಲಿ ಹೆಪ್ಪುಗಟ್ಟಿಸುವ ದ್ರವ್ಯಗಳಂತೆಯೇ ಹೆಪ್ಪನ್ನು ತಡೆಯುವ ದ್ರವ್ಯಗಳೂ ತಯಾರಾಗುತ್ತವೆ. ಪಾಕಶಾಲೆ ಕೆಟ್ಟರೆ ಎರಡೂ ಕೊರೆಯಾಗುವುವು. ತಕ್ಕಡಿಯ ಎರಡು ತಟ್ಟೆಗಳಿಂದಲೂ ಭಾರವನ್ನು ತೆಗೆದಂತೆ, ಮುಳ್ಳು ಮಧ್ಯದಲ್ಲಿಯೇ ನಿಂತರೂ ಸ್ವಲ್ಪ ಗಾಳಿಗೆ ಅತ್ತಿತ್ತ ಓಲಾಡುತ್ತದೆ. ರೂಢಿಯ ಪರೀಕ್ಷೆಯು ಒಂದು ತಟ್ಟೆಯನ್ನು ಮಾತ್ರ ತೂಗುತ್ತದೆಂಬುದನ್ನು ಇಟಲಿಯ ಮಿಲಾನ್ ನಗರದ ವೈದ್ಯರು ಈ ಶತಮಾನದ ಆದಿಯಲ್ಲಿ ಸ್ಪಷ್ಟಪಡಿಸಿದರು. ಮೇಲಾಗಿ ಇಂಥ ರೋಗಿಗಳಲ್ಲಿ ಕರುಳಿನಿಂದ ಯಕೃತ್ತಿಗೆ ಹೋಗುವ ದೊಡ್ಡ ಸಿರೆಯ ಹರಿವು ಮಂದವಾಗಿರುತ್ತದೆ. ಕರುಳಿನ ಕ್ರಿಮಿಗಳ ವಿಷವು ರಕ್ತಕ್ಕೆ ಸೋರಿ ಉರಿಯೂತವನ್ನೂ ಎಬ್ಬಿಸುತ್ತದೆ. ಆದುದರಿಂದ ಆ ಸಿರೆಯಲ್ಲಿಯೇ ಹೆಪ್ಪುಗಟ್ಟುವುದುಂಟು. ಒಂದೇ ರೋಗಿಗೆ ರಕ್ತಸ್ರಾವದ ಭಯವೂ, ಹೆಪ್ಪಿನ ಭಯವೂ ಕೂಡಿಯೇ ಇರಬಹುದು.

ಆಶ್ಚರ್ಯವೆಂದರೆ, ಹೆಪ್ಪನ್ನು ತಡೆಯುವ ಮುಖ್ಯ ಔಷಧವು ಮೊದಲು ದೊರೆತುದೂ ಯಕೃತ್ತಿನಿಂದಲೇ. ಜೇ ಮೆಕ್ಲೀನ್ ಎಂಬ ಅಮೆರಿಕದ ವೈದ್ಯವಿದ್ಯಾರ್ಥಿಯು ೧೯೧೬ರಲ್ಲಿ ಹೆಪ್ಪುಗಟ್ಟಿಸುವ ದ್ರವ್ಯವನ್ನು ಹುಡುಕುತ್ತಿದ್ದಾಗ, ನಾಯಿಯ ಯಕೃತ್ತಿನಲ್ಲಿ ಅದಕ್ಕೆ ವಿರುದ್ಧವಾದುದನ್ನೇ ಕಂಡನು. ಈ ಶೋಧದಿಂದ ಬೆಳೆದುಬಂದ ಔಷಧಕ್ಕೆ ಯಕೃತ್ತಿನ ಗ್ರೀಕ್ ಹೆಸರಿನಿಂದ ಹೆಪಾರಿನ್ ಎಂದು ಹೆಸರಾಯಿತು. ನಮ್ಮ ವಾಚಕರ ತಾಯಿಯವರಿಗೆ ಮೊದಲು ಚುಚ್ಚಿದುದು ಈ ಜಾತಿಯ ಔಷಧವೇ.

ಇಷ್ಟನ್ನು ತಿಳಿದ ಮೇಲೆ ಮನೆಯಲ್ಲಿ ಮಾಡತಕ್ಕುದೇನು?

೧. ಜ್ವರ, ಶಸ್ತ್ರಚಿಕಿತ್ಸೆ ಇಲ್ಲವೆ ಹೆರಿಗೆಯ ನಂತರ ಒಂದೇ ಕಾಲು ಊದಿ ನೋಯುತ್ತಿದ್ದರೆ ಅದನ್ನು ತಿಕ್ಕಬಾರದು, ನೀವಬಾರದು. ಹೆಪ್ಪಿನ ತುಂಡು ಕಳಚಿ ಶ್ವಾಸಕೋಶಕ್ಕೆ ಹರಿದುಹೋದರೆ ಪ್ರಾಣಾಪಾಯವಾಗಬಹುದು. ಅಂದೇ ವೈದ್ಯರಿಗೆ ತೋರಿಸತಕ್ಕದ್ದು. ಬಾಣಂತಿಯರಲ್ಲಿ ಈ ಭಯವು ಸುಮಾರು ಆರು ವಾರಗಳವರೆಗೆ ಹೆಚ್ಚಾಗಿರುತ್ತದೆ. ಅವರಿಗೆ ಬಿಡದೆ ಬಾಧಿಸುವ ತಲೆನೋವು ಬಂದರೂ ಅಲಕ್ಷಿಸಬಾರದು.

೨. ಇದ್ದಕ್ಕಿದ್ದಂತೆ ಉಬ್ಬಸ, ಎದೆನೋವು, ಕಫದಲ್ಲಿ ನೆತ್ತರು, ಬಾಯಿ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು, ಇವುಗಳಲ್ಲಿ ಯಾವುದು ಕಂಡರೂ ಕಷಾಯ ಕಾಯಿಸುತ್ತ ಕೂಡಬಾರದು. ೧೦೮ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಸಾಗಿಸಬೇಕು.

೩. ರೋಗಿಯು ಏಳಬಲ್ಲನಾದರೆ ವೈದ್ಯರನ್ನು ಕೇಳಿ ದಿನಕ್ಕೆ ನಾಲ್ಕಾರು ಸಲ ಮನೆಯೊಳಗೇ ನಡೆಸಬೇಕು. ಏಳಲಾರದವರು ಮಲಗಿದಲ್ಲಿಯೇ ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತಿರಲಿ. ನೀರನ್ನು ಧಾರಾಳವಾಗಿ ಕುಡಿಯಲಿ. ಹೃದಯ ಅಥವಾ ಯಕೃತ್ತಿನ ರೋಗವಿದ್ದು, ವೈದ್ಯರು ನೀರಿಗೆ ಮಿತಿ ಹೇಳಿದ್ದರೆ ಆ ಮಿತಿಯೇ ಪ್ರಮಾಣ.

೪. ರಕ್ತವನ್ನು ತೆಳುಮಾಡುವುದೆಂದು ಹೇಳುವ ಮಾತ್ರೆಗಳನ್ನು ತಾವಾಗಿಯೇ ತೊಡಗುವುದೂ ತಪ್ಪು, ನಿಲ್ಲಿಸುವುದೂ ತಪ್ಪು. ಮುಖ್ಯವಾಗಿ ಡೆಂಗ್ಯೂ ಜ್ವರದಲ್ಲಿ ಕಿರುಕಣಗಳು ಕಡಿಮೆಯಾಗಿ ನೆತ್ತರು ಸುರಿಯುವ ಭಯವಿರುತ್ತದೆ. ಆದುದರಿಂದ ಯಾವ ಜ್ವರವೆಂದು ತಿಳಿಯುವ ಮೊದಲು ಆಸ್ಪಿರಿನ್ ಕೊಡಲೇಬಾರದು. ಹೃದಯಕ್ಕಾಗಿ ಅದನ್ನು ದಿನವೂ ಸೇವಿಸುತ್ತಿರುವವರು ಜ್ವರ ಬಂದೊಡನೆ ತಮ್ಮ ವೈದ್ಯರನ್ನು ಕೇಳತಕ್ಕದ್ದು. ಬೆಳ್ಳುಳ್ಳಿ, ಶುಂಠಿ ಅಡಿಗೆಗೆ ಒಳ್ಳೆಯವು. ಕಟ್ಟಿದ ಹೆಪ್ಪನ್ನು ಕರಗಿಸಲಾರವು.

೫. ವೃದ್ಧರೂ, ಹೃದ್ರೋಗಿಗಳೂ ಇನ್‌ಫ್ಲುಯೆಂಜದ ಲಸಿಕೆಯ ವಿಚಾರವನ್ನು ವೈದ್ಯರೊಡನೆ ಮಾತನಾಡಬೇಕು. ಜ್ವರವನ್ನು ತಡೆದರೆ ಅದರ ಬೆನ್ನಿಗೆ ಬರುವುದನ್ನೂ ತಡೆದಂತೆ.

ಮನೆಯಲ್ಲಿ ಜ್ವರವಿದ್ದಷ್ಟು ದಿನವೂ ಎಲ್ಲರೂ ರೋಗಿಯ ಹಣೆಯನ್ನು ಮುಟ್ಟಿ ನೋಡುತ್ತಾರೆ. ಹಣೆ ತಣ್ಣಗಾದ ಮೇಲೆ ಹತ್ತು ಹದಿನೈದು ದಿನಗಳವರೆಗೆ ಕಾಲನ್ನೂ ಒಮ್ಮೆ ನೋಡುವ ಅಭ್ಯಾಸವನ್ನಿಟ್ಟುಕೊಂಡರೆ ಖರ್ಚೇನೂ ಇಲ್ಲ. ಆ ಸೊಸೆಯು ಕಾಯಿಸಿದ ಎಣ್ಣೆಯನ್ನು ತಿಕ್ಕದೆ ಉಳಿಸಿದುದರಿಂದ ಒಂದು ಪ್ರಾಣವು ಉಳಿಯಿತೆಂದೇ ಹೇಳಬಹುದು. ನೆರೆಮನೆಯಲ್ಲಿ ದಾದಿಯಿರುವ ಭಾಗ್ಯವು ಎಲ್ಲರಿಗೂ ಇರಲಾರದು. ಆದುದರಿಂದಲೇ ಈ ನಾಲ್ಕು ಮಾತು.